ಪಾದದಿಂದ ಮುಷ್ಟಿಯವರೆಗೆ

(ಮುಂಬಯಿಯ ಕನ್ನಡ ಯುವಕ ಯುವತಿಯರ ಮುಂದೆ ಬಾಕ್ಸಿಂಗ್ ತರಬೇತುದಾರರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಬಾಕ್ಸಿಂಗ್ ಕಲಿಯಬೇಕೆಂದು ಬರುವವರಲ್ಲಿ ಹೆಚ್ಚಿನವರು ಮೊದಲು ತೋಳು ಮಡಚಿ ತೋರಿಸುತ್ತಾರೆ. ನಾನು ಅವರ ಚಪ್ಪಲಿ ನೋಡುತ್ತೇನೆ. ಮನೆಗೆ ಹೋದ ಮೇಲೆ ನೀವೂ ನಿಮ್ಮ ಹಳೆಯ ಚಪ್ಪಲಿಯನ್ನು ತಿರುವಿ ನೋಡಿ. ಬಹುತೇಕ ಎಲ್ಲರದೂ ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆದಿರುತ್ತದೆ. ನಡೆಯುವಾಗ ನಾವು ಹಿಮ್ಮಡಿಯನ್ನು ಮೊದಲು ಊರುತ್ತೇವೆ, ಒಂದು ಕಾಲು ಇನ್ನೊಂದನ್ನು ದಾಟಿ ಮುಂದೆ ಹೋಗುತ್ತದೆ, ಪ್ರತಿ ಹೆಜ್ಜೆಯಲ್ಲೂ ದೇಹದ ಭಾರವೆಲ್ಲ ಸ್ವಲ್ಪ ಹೊತ್ತು ಒಂದೇ ಕಾಲಿನ ಮೇಲಿರುತ್ತದೆ. ಹುಟ್ಟಿದ ವರ್ಷದೊಳಗೋ ಅದರ ಮರುವರ್ಷವೋ ಕಲಿತು ಇಂದಿನವರೆಗೆ ಬಿಡದೆ ಪಾಲಿಸಿಕೊಂಡು ಬಂದಿರುವ ಈ ಮೂರೂ ಅಭ್ಯಾಸಗಳು ರಿಂಗಿನೊಳಗೆ ಅಪಾಯಕಾರಿಯಾಗುತ್ತವೆ. ಆದ್ದರಿಂದ ಬಾಕ್ಸಿಂಗ್ ಕಲಿಯುವುದೆಂದರೆ, ಮೊದಲ ಕೆಲವು ತಿಂಗಳ ಮಟ್ಟಿಗಂತೂ, ಹೊಸದಾಗಿ ನಿಲ್ಲುವುದನ್ನೂ ನಡೆಯುವುದನ್ನೂ ಕಲಿಯುವುದೇ ಆಗಿದೆ. ಇಂದು ನಾನು ಮಾತನಾಡುವುದು ಇದೊಂದರ ಬಗ್ಗೆಯೇ.

ಕಾಲಿಗೆ ಇಷ್ಟು ಮಹತ್ವ ಏಕೆ ಎಂದು ನೀವು ಕೇಳಬಹುದು. 1985ರಲ್ಲಿ ಸೋವಿಯತ್ ಒಕ್ಕೂಟದ ಫಿಲಿಮೊನೊವ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನವಿದೆ. ಬೇರೆ ಬೇರೆ ಮಟ್ಟದ ಬಾಕ್ಸರುಗಳ ನೇರ ಗುದ್ದನ್ನು ಅಳೆದು, ಅದರ ಬಲದಲ್ಲಿ ದೇಹದ ಯಾವ ಭಾಗದ ಪಾಲು ಎಷ್ಟು ಎಂಬುದನ್ನು ಅವರು ಲೆಕ್ಕ ಹಾಕಿದರು. ನುರಿತವರಲ್ಲಿ ಕಾಲಿನ ಪಾಲು ಸುಮಾರು ಶೇಕಡಾ 38, ಮುಂಡದ ಪಾಲು 37, ತೋಳಿನದು 24 ಮಾತ್ರ. ಕೆಳಗಿನ ದರ್ಜೆಯವರಲ್ಲಿ ಲೆಕ್ಕ ತಿರುವುಮುರುವಾಗುತ್ತದೆ: ತೋಳಿನ ಪಾಲು ಶೇಕಡಾ 38ಕ್ಕೆ ಏರುತ್ತದೆ, ಕಾಲಿನದು 17ರ ಆಸುಪಾಸಿಗೆ ಇಳಿಯುತ್ತದೆ. ಅಭ್ಯಾಸದಿಂದ ಬೆಳೆಯುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಕಾಲನ್ನು ಗುದ್ದಿಗೆ ಜೋಡಿಸುವ ಕೌಶಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಬೇಕಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಆಫೀಸಿನಲ್ಲಿ ಕೆಲಸ ಮಾಡುವವರು ನಾಳೆ ಚಕ್ರದ ಕುರ್ಚಿಯಲ್ಲಿ ಕುಳಿತು, ಎರಡೂ ಪಾದಗಳನ್ನು ನೆಲದಿಂದ ಎತ್ತಿ, ಗೋಡೆಯನ್ನು ಅಂಗೈಯಿಂದ ಜೋರಾಗಿ ತಳ್ಳಿ ನೋಡಿ. ಗೋಡೆಗೆ ಏನೂ ಆಗುವುದಿಲ್ಲ, ನೀವು ಹಿಂದಕ್ಕೆ ಉರುಳುತ್ತೀರಿ. ಈಗ ಪಾದಗಳನ್ನು ನೆಲಕ್ಕೆ ಊರಿ ಅದೇ ರೀತಿ ತಳ್ಳಿ. ಕುರ್ಚಿ ಅಲುಗುವುದಿಲ್ಲ, ಮಣಿಕಟ್ಟಿನಿಂದ ಭುಜದವರೆಗೆ, ಅಲ್ಲಿಂದ ಬೆನ್ನಿನ ಮೂಲಕ ತೊಡೆಯವರೆಗೆ ಒತ್ತಡ ಇಳಿಯುವುದು ನಿಮಗೇ ತಿಳಿಯುತ್ತದೆ. ತೋಳಿನ ಶಕ್ತಿ ಎರಡು ಸಲವೂ ಒಂದೇ ಆಗಿತ್ತು. ನೆಲವನ್ನು ನೀವು ತಳ್ಳಿದಷ್ಟೇ ನೆಲ ನಿಮ್ಮನ್ನು ಮರಳಿ ತಳ್ಳುತ್ತದೆ ಎಂಬ ನ್ಯೂಟನ್ನನ ಮೂರನೆಯ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ; ಬಾಕ್ಸರನು ಅದನ್ನು ಪಾದದಲ್ಲಿ ಕಲಿಯುತ್ತಾನೆ. ಎಗರಿ ಹೊಡೆಯುವವನ ಗುದ್ದು ನೋಡಲು ಭಯಂಕರವಾಗಿದ್ದರೂ ತಾಗಿದಾಗ ಪೊಳ್ಳೆನಿಸುವುದು ಈ ಕಾರಣದಿಂದಲೇ. ಆ ಹೊತ್ತಿಗೆ ಅವನ ಎರಡೂ ಪಾದಗಳು ಗಾಳಿಯಲ್ಲಿರುತ್ತವೆ, ಮರಳಿ ತಳ್ಳಲು ನೆಲವೇ ಇರುವುದಿಲ್ಲ.

ಮೊದಲು ನಿಲುವು. ಬಲಗೈ ಬಳಸುವವರ ಸಾಮಾನ್ಯ ನಿಲುವನ್ನೇ ಹೇಳುತ್ತೇನೆ. ಎಡಗೈಯವರು ಎಡಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಎಡಪಾದ ಮುಂದೆ, ಬಲಪಾದ ಹಿಂದೆ, ನಡುವೆ ಭುಜದಗಲ ಅಥವಾ ಅದಕ್ಕಿಂತ ತುಸು ಹೆಚ್ಚು ಅಂತರ. ನೆಲದ ಮೇಲೆ ಎದುರಾಳಿಯ ಕಡೆಗೆ ಒಂದು ಗೆರೆ ಎಳೆದರೆ ಎಡಪಾದ ಗೆರೆಯ ಎಡಕ್ಕೂ ಬಲಪಾದ ಬಲಕ್ಕೂ ಇರಬೇಕು. ಎರಡೂ ಗೆರೆಯ ಮೇಲೆಯೇ ಬಂದುಬಿಟ್ಟರೆ ಪಕ್ಕದಿಂದ ಒಂದು ಬೆರಳು ತಾಗಿಸಿದರೂ ನೀವು ಓಲಾಡುತ್ತೀರಿ. ಎಡಪಾದದ ಬೆರಳುಗಳು ಸ್ವಲ್ಪ ಬಲಕ್ಕೆ ಓರೆಯಾಗಿರಲಿ, ಬಲಪಾದದ ಹಿಮ್ಮಡಿ ನೆಲದಿಂದ ಒಂದೆರಡು ಬೆರಳಿನಷ್ಟು ಎದ್ದಿರಲಿ, ಮಂಡಿಗಳು ಸಡಿಲವಾಗಿ ಬಾಗಿರಲಿ. ವಿರಾರ್ ಲೋಕಲ್ ರೈಲಿನಲ್ಲಿ ಹಿಡಿಕೆ ಸಿಗದೆ ನಿಂತವನು ಯಾರೂ ಹೇಳಿಕೊಡದಿದ್ದರೂ ಒಂದು ಕಾಲು ಹಿಂದಿಟ್ಟು, ಮಂಡಿ ಸಡಿಲಿಸಿ, ಗಾಡಿ ಎತ್ತ ಜಗ್ಗಿದರೂ ಬೀಳದಂತೆ ನಿಲ್ಲುತ್ತಾನಲ್ಲ, ಆ ನಿಲುವಿಗೂ ಬಾಕ್ಸಿಂಗ್ ನಿಲುವಿಗೂ ಬಹಳ ದೂರವಿಲ್ಲ. ಆ ಲೆಕ್ಕದಲ್ಲಿ ಮುಂಬಯಿಯವರಿಗೆ ಅರ್ಧ ಪಾಠ ಆಗಿಯೇ ಇರುತ್ತದೆ.

ಬೆಳಗಾವಿ, ವಿಜಯಪುರ, ಧಾರವಾಡ ಕಡೆಯಿಂದ ಬಂದು ಊರಿನ ಗರಡಿಮನೆಯಲ್ಲಿ ಕುಸ್ತಿ ಮಾಡಿದ ಹುಡುಗರೂ ನನ್ನ ಬಳಿ ಬರುತ್ತಾರೆ. ಅವರ ತೊಡೆ, ಸೊಂಟ, ಕುತ್ತಿಗೆಗಳು ಮೊದಲೇ ಸಿದ್ಧವಾಗಿರುತ್ತವೆ, ತಗ್ಗಿ ನಿಲ್ಲುವುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಎದುರಾಳಿಯನ್ನು ಕಂಡೊಡನೆ ಎದೆಯನ್ನು ಪೂರ್ತಿ ಮುಂದೆ ಒಡ್ಡಿ, ಎರಡೂ ಪಾದಗಳನ್ನು ಸಮಸಾಲಿಗೆ ತಂದುಬಿಡುತ್ತಾರೆ. ಹಿಡಿಯುವ ಆಟದಲ್ಲಿ ಅದು ಸರಿ. ಹೊಡೆಯುವ ಆಟದಲ್ಲಿ ಹಾಗೆ ನಿಂತವನು ಎದುರಾಳಿಗೆ ತನ್ನ ಹೊಟ್ಟೆ, ಪಕ್ಕೆ, ಗದ್ದ ಎಲ್ಲವನ್ನೂ ತೆರೆದಿಟ್ಟಂತಾಗುತ್ತದೆ. ಅಲ್ಲದೆ ಸೊಂಟ ಮೊದಲೇ ಪೂರ್ತಿ ಮುಂದಕ್ಕೆ ತಿರುಗಿರುವುದರಿಂದ ಗುದ್ದುವಾಗ ತಿರುಗಿಸಲು ಏನೂ ಉಳಿದಿರುವುದಿಲ್ಲ. ಗುದ್ದಿನ ಬಲ ಬರುವುದು ತಿರುಗುವಿಕೆಯಿಂದ, ಆದ್ದರಿಂದ ತಿರುಗಲು ಜಾಗವನ್ನು ಮೊದಲೇ ಉಳಿಸಿಕೊಂಡು ಓರೆಯಾಗಿ ನಿಲ್ಲಬೇಕು.

ಇನ್ನು ಹೆಜ್ಜೆ. ನಿಯಮ ಒಂದೇ: ಯಾವ ದಿಕ್ಕಿಗೆ ಹೋಗಬೇಕೋ ಆ ದಿಕ್ಕಿಗೆ ಹತ್ತಿರವಿರುವ ಪಾದ ಮೊದಲು ಹೊರಡುತ್ತದೆ, ಇನ್ನೊಂದು ಅಷ್ಟೇ ದೂರ ಹಿಂಬಾಲಿಸುತ್ತದೆ. ಮುಂದಕ್ಕೆ ಹೋಗಲು ಎಡಪಾದ, ಹಿಂದಕ್ಕೆ ಸರಿಯಲು ಬಲಪಾದ, ಎಡಕ್ಕೆ ಎಡ, ಬಲಕ್ಕೆ ಬಲ. ಮೊದಲು ಹೊರಡುವ ಪಾದವನ್ನು ಎತ್ತಿ ಇಡುವುದಲ್ಲ. ಹಿಂದಿರುವ ಪಾದ ನೆಲವನ್ನು ಒದ್ದು ಅದನ್ನು ಮುಂದಕ್ಕೆ ಕಳುಹಿಸಬೇಕು. ಹೆಜ್ಜೆ ಮುಗಿದಾಗ ಪಾದಗಳ ನಡುವಿನ ಅಂತರ ಮೊದಲಿದ್ದಷ್ಟೇ ಇರಬೇಕು. ಹೊಸಬರು ಮುಂದಿನ ಪಾದವನ್ನು ಒಂದಡಿ ಇಟ್ಟು ಹಿಂದಿನ ಪಾದವನ್ನು ಅರ್ಧ ಅಡಿ ಮಾತ್ರ ಎಳೆಯುತ್ತಾರೆ, ನಾಲ್ಕು ಹೆಜ್ಜೆಯಲ್ಲಿ ಕಾಲುಗಳು ಅಗಲಿ ಸಿಕ್ಕಿಬೀಳುತ್ತಾರೆ. ಇಲ್ಲವೇ ಹಿಂದಿನ ಪಾದವನ್ನು ಮುಂದಿನದರ ಬಳಿಗೇ ತಂದು ಒಂದು ಕ್ಷಣ ಕಾಲು ಜೋಡಿಸಿ ನಿಲ್ಲುತ್ತಾರೆ. ಎದುರಾಳಿ ಕಾಯುವುದು ಆ ಒಂದು ಕ್ಷಣಕ್ಕಾಗಿಯೇ. ಕಾಲು ಜೋಡಿಸಿ ನಿಂತವನಿಗೆ ಮುಂದಿನ ಕೈಯ ಸಣ್ಣ ಗುದ್ದು ತಾಗಿದರೂ ಅವನು ಕುಳಿತುಬಿಡುತ್ತಾನೆ, ಗುದ್ದು ದೊಡ್ಡದಾಗಿರಬೇಕೆಂದೇನೂ ಇಲ್ಲ.

ಹೆಜ್ಜೆ ಚಿಕ್ಕದಾಗಿರಲಿ. ಅಮೆರಿಕದ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್‌ನ ಹಳೆಯ ಪಂದ್ಯಗಳ ಚಿತ್ರಣ ಸಿಗುತ್ತದೆ, ಅವನ ಕಾಲನ್ನು ಮಾತ್ರ ನೋಡಿ. ಅಂಗುಲ ಅಂಗುಲವಾಗಿ ಮುಂದೆ ಸರಿಯುತ್ತಾನೆ, ಎಲ್ಲಿಯೂ ಜಿಗಿತವಿಲ್ಲ, ಆದರೆ ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಅವನು ಗುದ್ದಲು ಸಿದ್ಧವಾಗಿಯೇ ಇರುತ್ತಾನೆ. ಮಹಮ್ಮದ್ ಅಲಿಯ ಕುಣಿತವನ್ನು ಎಲ್ಲರೂ ಮೆಚ್ಚುತ್ತಾರೆ, ಹೊಸಬರು ಅದನ್ನೇ ಅನುಕರಿಸಲು ಹೋಗುತ್ತಾರೆ. ಅದಕ್ಕೆ ಬೇಕಾದ ದಮ್ಮು, ಎತ್ತರ, ತೋಳಿನ ಉದ್ದ ಅವನಿಗಿತ್ತು ಎಂಬುದನ್ನು ಮರೆಯುತ್ತಾರೆ. ಕಲಿಯುವವರಿಗೆ ಲೂಯಿಸ್‌ನೇ ಒಳ್ಳೆಯ ಮಾದರಿ ಎಂಬುದು ನನ್ನ ಅಭಿಪ್ರಾಯ.

ಈಗ ಹೆಜ್ಜೆಗೂ ಮುಷ್ಟಿಗೂ ಗಂಟು ಹಾಕೋಣ. ಎಡಗೈಯ ನೇರ ಗುದ್ದು, ಅಂದರೆ ಜ್ಯಾಬ್, ಎಲ್ಲಕ್ಕಿಂತ ಸರಳವಾಗಿ ಕಂಡರೂ ಹೆಚ್ಚು ಕೆಡುವುದು ಅದೇ. ಬಲಗಾಲು ನೆಲವನ್ನು ಒದೆಯುತ್ತದೆ, ಎಡಪಾದ ನೆಲವನ್ನು ಸವರಿಕೊಂಡಂತೆ ಮುಂದೆ ಹೋಗುತ್ತದೆ, ಅದೇ ಹೊತ್ತಿಗೆ ಎಡ ಮುಷ್ಟಿ ಗದ್ದದ ಬಳಿಯಿಂದ ನೇರವಾಗಿ ಹೊರಡುತ್ತದೆ. ಮುಷ್ಟಿ ತಾಗುವುದು ಮತ್ತು ಪಾದ ಊರುವುದು ಹೆಚ್ಚುಕಡಿಮೆ ಒಟ್ಟಿಗೆ ಆಗಬೇಕು. ಮುಷ್ಟಿ ಕೂದಲೆಳೆಯಷ್ಟು ಮೊದಲು ತಾಗಿದರೆ ಇನ್ನೂ ಒಳ್ಳೆಯದು. 1919ರಿಂದ 1926ರವರೆಗೆ ಹೆವಿವೇಟ್ ಪಟ್ಟ ಹೊಂದಿದ್ದ ಜ್ಯಾಕ್ ಡೆಂಪ್ಸಿ ಈ ಹೆಜ್ಜೆಯನ್ನು ಬೀಳುವ ಹೆಜ್ಜೆ ಎಂದೇ ಕಲಿಸುತ್ತಿದ್ದ. ಮುಂದಿನ ಪಾದ ಎದ್ದಾಗ ದೇಹ ಮುಂದಕ್ಕೆ ಬೀಳತೊಡಗುತ್ತದೆ, ಆ ಬೀಳುವ ತೂಕವನ್ನು ಪಾದ ನೆಲಕ್ಕೆ ತಾಗಿ ತಡೆಯುವ ಮೊದಲೇ ಎದುರಾಳಿಗೆ ದಾಟಿಸಿಬಿಡಬೇಕು ಎಂಬುದು ಅವನ ಸೂತ್ರ. ಪಾದ ಮೊದಲು ಊರಿ, ಆಮೇಲೆ ಕೈ ಚಾಚಿದರೆ ಆ ತೂಕವೆಲ್ಲ ನೆಲಕ್ಕೆ ಇಳಿದುಹೋಗಿರುತ್ತದೆ, ಮುಷ್ಟಿಯಲ್ಲಿ ಉಳಿಯುವುದು ಬರೀ ತೋಳು. ಅಭ್ಯಾಸದ ವೇಳೆ ಇದನ್ನು ಕಿವಿಯಿಂದ ಪರೀಕ್ಷಿಸಬಹುದು: ಗುದ್ದಲೆಂದು ತೂಗುಹಾಕಿದ ಚೀಲಕ್ಕೆ ಮುಷ್ಟಿ ಬಿದ್ದ ಸದ್ದು ಮತ್ತು ಪಾದ ಊರಿದ ಸದ್ದು ಬೇರೆ ಬೇರೆ ಕೇಳಿದರೆ ಹೆಜ್ಜೆ ತಪ್ಪಿದೆ ಎಂದೇ ಅರ್ಥ.

ಬಲಗೈಯ ನೇರ ಗುದ್ದಿನ ಬಗ್ಗೆ, ಅಂದರೆ ಕ್ರಾಸ್ ಬಗ್ಗೆ, ಹೆಚ್ಚು ಹೊತ್ತು ಹೇಳುತ್ತೇನೆ, ಏಕೆಂದರೆ ಕಾಲಿನಿಂದ ಮುಷ್ಟಿಗೆ ಬಲ ಹರಿಯುವ ದಾರಿ ಇದರಲ್ಲಿ ಪೂರ್ತಿಯಾಗಿ ಕಾಣುತ್ತದೆ. ಬಲಪಾದದ ಮುಂಭಾಗ, ಹೆಬ್ಬೆರಳ ಬುಡದ ಗುಂಡಗಿನ ಭಾಗ, ನೆಲವನ್ನು ಹಿಂದಕ್ಕೂ ಕೆಳಕ್ಕೂ ಒತ್ತುತ್ತದೆ. ಒತ್ತಿದಂತೆ ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಮಂಡಿ ಒಳಕ್ಕೆ ಬರುತ್ತದೆ, ಬಲ ಸೊಂಟ ಮುಂದಕ್ಕೆ ಹೊರಳುತ್ತದೆ, ಸೊಂಟ ಹೊರಳಿದ ಮೇಲೆ ಎದೆ, ಎದೆಯ ಹಿಂದೆ ಭುಜ, ಭುಜದ ಹಿಂದೆ ಮೊಣಕೈ, ಕೊನೆಗೆ ಮುಷ್ಟಿ. ಇಲ್ಲಿ ಅನುಕ್ರಮವೇ ಮುಖ್ಯ. ಕೆಳಗಿನ ಭಾಗದ ವೇಗ ಮೇಲಿನ ಭಾಗಕ್ಕೆ ದಾಟುತ್ತ ಹೋಗುತ್ತದೆ, ಪ್ರತಿ ಕೀಲೂ ತನ್ನ ಸರದಿ ಬಂದಾಗ ಅದಕ್ಕೆ ತನ್ನದೊಂದಿಷ್ಟನ್ನು ಸೇರಿಸುತ್ತದೆ. ಭುಜ ಮೊದಲೇ ಹೊರಟುಬಿಟ್ಟರೆ ಸೊಂಟದ ಕೆಲಸ ವ್ಯರ್ಥವಾಗುತ್ತದೆ, ಆಮೇಲೆ ಹಿಮ್ಮಡಿ ಎಷ್ಟು ತಿರುಗಿಸಿದರೂ ಅದು ತೋರಿಕೆ ಮಾತ್ರ.

ಈ ತೋರಿಕೆಯ ಬಗ್ಗೆ ಒಂದು ಮಾತು. ಸಿಗರೇಟಿನ ತುಂಡನ್ನು ತುಳಿದು ಆರಿಸುವಂತೆ ಹಿಂದಿನ ಪಾದವನ್ನು ತಿರುಗಿಸಿ ಎಂದು ಅನೇಕ ತರಬೇತುದಾರರು ಹೇಳಿಕೊಡುತ್ತಾರೆ. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಹಾಗೆ ಹೇಳಿಸಿಕೊಂಡವರು ಪಾದವನ್ನು ಅಂದವಾಗಿ ತಿರುಗಿಸುತ್ತಾರೆ, ಆದರೆ ನೆಲವನ್ನು ತಳ್ಳುವುದಿಲ್ಲ. ತಿರುಗುವುದು ತಳ್ಳಿದ್ದರ ಫಲವಾಗಿರಬೇಕು. ತಳ್ಳಿದರೆ ಹಿಮ್ಮಡಿ ತಾನಾಗಿಯೇ ತಿರುಗುತ್ತದೆ, ತಿರುಗಿಸಿದ ಮಾತ್ರಕ್ಕೆ ತಳ್ಳಿದಂತಾಗುವುದಿಲ್ಲ.

ಹಿಂದಿನ ಕಾಲು ತಳ್ಳುವಾಗ ಮುಂದಿನ ಕಾಲು ಏನು ಮಾಡಬೇಕೆಂಬುದನ್ನು ಹೇಳುವವರು ಕಡಿಮೆ. ಅದು ತಡೆಯಬೇಕು. ಎಡ ಮಂಡಿ ಸ್ವಲ್ಪ ಬಾಗಿದ್ದಂತೆಯೇ ಬಿಗಿಯಾಗಿ ನಿಂತು, ದೇಹ ಮುಂದಕ್ಕೆ ಜಾರಿಹೋಗದಂತೆ ಹಿಡಿದರೆ, ದೇಹದ ಎಡಭಾಗ ಬಾಗಿಲ ಚೌಕಟ್ಟಾಗಿ ನಿಂತು ಬಲಭಾಗ ಅದರ ಸುತ್ತ ತಿರುಗುತ್ತದೆ. ಎಡ ಮಂಡಿ ಕುಸಿದು ಬೆರಳುಗಳ ಆಚೆಗೆ ಹೋದರೆ ತಿರುಗುವಿಕೆ ನಿಂತು ದೇಹ ಬರಿದೇ ಮುಂದೆ ಬಾಗುತ್ತದೆ. ಪರೀಕ್ಷೆ ಸುಲಭ. ಗುದ್ದಿನ ಕೊನೆಯಲ್ಲಿ ಹಾಗೆಯೇ ನಿಂತುಬಿಡಿ, ಗೆಳೆಯರೊಬ್ಬರಿಗೆ ಪಕ್ಕದಿಂದ ನೋಡಲು ಹೇಳಿ. ನಿಮ್ಮ ಮೂಗು ಎಡ ಮಂಡಿಯನ್ನು ದಾಟಿರಬಾರದು. ದಾಟಿದ್ದರೆ ಎದುರಾಳಿ ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು, ನೀವು ಅವನ ಮುಂದೆ ತಲೆ ಒಡ್ಡಿ ನಿಂತಿರುತ್ತೀರಿ.

ಬಲ ಎಷ್ಟು, ಸಮಯ ಎಷ್ಟು ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಫ್ರ್ಯಾಂಕ್ ಬ್ರೂನೊನ ಗುದ್ದನ್ನು ಅಳೆದ ವರದಿ ಕೂಡ 1985ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮುಷ್ಟಿ ಅರ್ಧ ಮೀಟರಿನಷ್ಟು ದೂರ ಸಾಗಲು ತೆಗೆದುಕೊಂಡದ್ದು ಸೆಕೆಂಡಿನ ಹತ್ತನೆಯ ಒಂದು ಭಾಗ, ತಾಗುವಾಗಿನ ವೇಗ ಸೆಕೆಂಡಿಗೆ 8.9 ಮೀಟರ್, ಗರಿಷ್ಠ ಬಲ 4,096 ನ್ಯೂಟನ್, ಅಂದರೆ ಸುಮಾರು 400 ಕಿಲೋ ಭಾರಕ್ಕೆ ಸಮ. ಆ ಗರಿಷ್ಠ ಬಲ ಬಂದದ್ದು ಮುಷ್ಟಿ ತಾಗಿದ 14 ಮಿಲಿಸೆಕೆಂಡುಗಳೊಳಗೆ. ಇಷ್ಟು ಕಡಿಮೆ ಅವಧಿಯಲ್ಲಿ ಯಾರೂ ಯೋಚಿಸಿ ಏನನ್ನೂ ತಿದ್ದಿಕೊಳ್ಳಲಾರರು. ಮುಷ್ಟಿ ಹೊರಡುವ ಮೊದಲೇ ಪಾದ ಎಲ್ಲಿತ್ತು, ಭಾರ ಯಾವ ಕಾಲಿನ ಮೇಲಿತ್ತು ಎಂಬುದರಲ್ಲಿಯೇ ಗುದ್ದಿನ ಹಣೆಬರಹ ಬರೆದಾಗಿರುತ್ತದೆ.

ಹೊರಡುವಾಗ ಕೈ ಸಡಿಲವಾಗಿರಬೇಕು, ತಾಗುವ ಕ್ಷಣದಲ್ಲಿ ಮಾತ್ರ ಬಿಗಿಯಬೇಕು. ಮೊದಲಿನಿಂದಲೂ ಹಲ್ಲು ಕಚ್ಚಿ ಮುಷ್ಟಿ ಬಿಗಿದವನ ತೋಳಿನಲ್ಲಿ ಒಂದು ಸ್ನಾಯು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಎಳೆಯುತ್ತಿರುತ್ತದೆ. ತಾಗುವಾಗ ಮೂಗಿನಿಂದ ಚುರುಕಾಗಿ ಉಸಿರು ಬಿಡಿ, ಹೊಟ್ಟೆ ಗಟ್ಟಿಯಾಗುತ್ತದೆ, ಸೊಂಟಕ್ಕೂ ಭುಜಕ್ಕೂ ನಡುವಿನ ಸಂಬಂಧ ಗಟ್ಟಿಯಾಗುತ್ತದೆ. ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳು, ಮಣಿಕಟ್ಟು ಮುಂಗೈಯ ನೇರಕ್ಕಿರಬೇಕು. ಬೀಸಿ ಹೊಡೆದು ಕಿರುಬೆರಳಿನ ಗೆಣ್ಣು ತಾಗಿಸಿದವರ ಅಂಗೈಯಲ್ಲಿ ಆ ಬೆರಳಿನ ಬುಡದ ಮೂಳೆ ಮುರಿಯುತ್ತದೆ. ವೈದ್ಯರು ಅದನ್ನು ಬಾಕ್ಸರನ ಮೂಳೆ ಮುರಿತ ಎಂದು ಕರೆದರೂ ತರಬೇತಿ ಪಡೆದ ಬಾಕ್ಸರುಗಳಿಗಿಂತ ಗೋಡೆಗೂ ಬಾಗಿಲಿಗೂ ಸಿಟ್ಟಿನಿಂದ ಗುದ್ದಿದವರಲ್ಲಿಯೇ ಅದು ಹೆಚ್ಚು ಕಾಣುವುದು.

ಹುಕ್, ಅಂದರೆ ಪಕ್ಕದಿಂದ ಬರುವ ಗುದ್ದು, ಮತ್ತು ಅಪ್ಪರ್‌ಕಟ್, ಅಂದರೆ ಕೆಳಗಿನಿಂದ ಮೇಲಕ್ಕೆ ಏರುವ ಗುದ್ದು, ಇವುಗಳಲ್ಲಿಯೂ ತತ್ತ್ವ ಇದೇ ಆದ್ದರಿಂದ ಬೇಗ ಮುಗಿಸುತ್ತೇನೆ. ಎಡ ಹುಕ್‌ನಲ್ಲಿ ತಿರುಗುವುದು ಎಡಪಾದ. ಭಾರ ಎಡಗಾಲಿನಿಂದ ಬಲಗಾಲಿಗೆ ದಾಟುತ್ತದೆ, ಮೊಣಕೈ ಸುಮಾರು ಲಂಬಕೋನದಲ್ಲಿ ಮಡಚಿಕೊಂಡು ಮುಷ್ಟಿಯ ಎತ್ತರಕ್ಕೇ ಇರುತ್ತದೆ. ತೋಳು ಬೀಸುವುದಿಲ್ಲ, ಸೊಂಟ ಹೊರಳಿ ತೋಳನ್ನು ಒಯ್ಯುತ್ತದೆ. ಅಪ್ಪರ್‌ಕಟ್‌ನಲ್ಲಿ ಬಾಗುವುದು ಮಂಡಿ, ಬೆನ್ನಲ್ಲ. ಕೈಯನ್ನು ತೊಡೆಯವರೆಗೆ ಇಳಿಸಿ ಎತ್ತುವುದು ಸಿನಿಮಾಕ್ಕೆ ಚೆಂದ, ರಿಂಗಿನಲ್ಲಿ ಅಷ್ಟು ಹೊತ್ತು ಗದ್ದವನ್ನು ಕಾಯುವವರು ಯಾರೂ ಇರುವುದಿಲ್ಲ.

ಹೊಡೆದ ಮೇಲೆ ಎಲ್ಲಿ ನಿಂತಿದ್ದೀರಿ ಎಂಬುದು, ನನ್ನ ದೃಷ್ಟಿಯಲ್ಲಿ, ಎಷ್ಟು ಜೋರಾಗಿ ಹೊಡೆದಿರಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಈಗ ನಗರದ ತುಂಬ ಬಾಕ್ಸಿಂಗ್ ಹೆಸರಿನ ಫಿಟ್‌ನೆಸ್ ತರಗತಿಗಳಿವೆ. ಬೆವರಿಳಿಸಲು ಅವು ಒಳ್ಳೆಯವು, ಆದರೆ ಅಲ್ಲಿ ಚೀಲದ ಮುಂದೆ ಒಂದೇ ಕಡೆ ನಿಂತು ಸಂಗೀತಕ್ಕೆ ತಕ್ಕಂತೆ ಹೊಡೆಯುವುದನ್ನು ರೂಢಿಸಿಕೊಂಡವರು ಚೀಲ ತಿರುಗಿ ಹೊಡೆಯುವುದಿಲ್ಲ ಎಂಬುದನ್ನು ಮರೆತುಬಿಡುತ್ತಾರೆ. ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿ ಪಡೆದ ಅಮಿತ್ ಪಂಘಾಲ್ ಅವರ ಪಂದ್ಯಗಳನ್ನು ನೋಡಿ. 2019ರಲ್ಲಿ ಬೆಳ್ಳಿ ಗೆದ್ದು, ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ಪಡೆದ ಮೊದಲ ಭಾರತೀಯ ಪುರುಷ ಬಾಕ್ಸರ್ ಆದವರು ಅವರು. ಎತ್ತರ ಕಡಿಮೆ, ಎದುರಾಳಿಗಳ ತೋಳು ಅವರದಕ್ಕಿಂತ ಉದ್ದ. ಹಾಗಾಗಿ ಒಳನುಗ್ಗಿ, ಎರಡು ಮೂರು ಗುದ್ದು ಇಟ್ಟು, ಬಂದ ದಾರಿಯಲ್ಲಿಯೇ ಹಿಂದೆ ಹೋಗದೆ ಪಕ್ಕಕ್ಕೆ ಸರಿಯುವುದು ಅವರಿಗೆ ಅನಿವಾರ್ಯ. ಉಕ್ರೇನಿನ ವಾಸಿಲ್ ಲೊಮಾಚೆಂಕೊನನ್ನು ಅವನ ತಂದೆ ಬಾಲ್ಯದಲ್ಲಿ ಬಾಕ್ಸಿಂಗ್‌ನಿಂದ ಬಿಡಿಸಿ ಕೆಲವು ವರ್ಷ ಜಾನಪದ ನೃತ್ಯ ಕಲಿಯಲು ಕಳುಹಿಸಿದ್ದರು. 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಅವನು ಚಿನ್ನ ಗೆದ್ದ. ನಿಮ್ಮಲ್ಲಿ ಯಕ್ಷಗಾನದ ಹೆಜ್ಜೆ ಕಲಿತವರಿದ್ದರೆ ಅದು ವ್ಯರ್ಥವಾಯಿತೆಂದು ತಿಳಿಯಬೇಡಿ.

ಅಭ್ಯಾಸಕ್ಕೆ ಜಾಗವಿಲ್ಲ ಎಂಬ ದೂರು ಈ ಊರಿನಲ್ಲಿ ಸಹಜ. ಅಂತರರಾಷ್ಟ್ರೀಯ ಪಂದ್ಯಗಳ ರಿಂಗ್ ಹಗ್ಗಗಳೊಳಗೆ 6.1 ಮೀಟರ್ ಉದ್ದಗಲ ಇರುತ್ತದೆ, ನಮ್ಮ ಒಂದು ಕೋಣೆಯ ಮನೆಗಳು ಅಷ್ಟಿರುವುದಿಲ್ಲ. ಆದರೆ ಹೆಜ್ಜೆಯ ಅಭ್ಯಾಸಕ್ಕೆ ಚಾಳಿನ ಸಾಲುಮನೆಗಳ ಮುಂದಿನ ಗ್ಯಾಲರಿ ಸಾಕು. ನೆಲಕ್ಕೆ ಒಂದು ಟೇಪು ಅಂಟಿಸಿ, ಅದರ ಎರಡು ಬದಿಗೆ ಪಾದವಿಟ್ಟು, ಮೂರು ನಿಮಿಷ ಮುಂದೆ ಹಿಂದೆ ಸರಿಯಿರಿ, ಒಂದು ನಿಮಿಷ ವಿರಮಿಸಿ. ಈ ಮೂರು ಮತ್ತು ಒಂದು ನಿಮಿಷದ ಲೆಕ್ಕ ಇಂದಿನ ಬಾಕ್ಸಿಂಗ್‌ಗೆ ಬುನಾದಿಯಾದ 1867ರ ಕ್ವೀನ್ಸ್‌ಬರಿ ನಿಯಮಗಳಿಂದ ಬಂದದ್ದು, ಇಂದಿಗೂ ಉಳಿದಿದೆ. ಮೊದಲ ವಾರಗಳಲ್ಲಿ ಕೈ ಬೇಡ, ಗದ್ದದ ಬಳಿ ಇಟ್ಟುಕೊಂಡರೆ ಸಾಕು. ದಪ್ಪ ಹಿಮ್ಮಡಿಯ ಓಟದ ಬೂಟು ಹಾಕಬೇಡಿ. ಅದು ಭಾರವನ್ನು ತಾನಾಗಿಯೇ ಮುಂದಕ್ಕೆ ದೂಡುತ್ತದೆ ಮತ್ತು ಪಾದ ತಿರುಗುವಾಗ ನೆಲಕ್ಕೆ ಕಚ್ಚಿಕೊಂಡು ಮಂಡಿಯನ್ನು ತಿರುಚುತ್ತದೆ. ತೆಳು ಅಡಿಯ ಚಪ್ಪಟೆ ಬೂಟು ಒಳ್ಳೆಯದು, ಅದಿಲ್ಲದಿದ್ದರೆ ಒಣ ನೆಲದ ಮೇಲೆ ಬರಿಗಾಲು. ಮಳೆಗಾಲದಲ್ಲಿ ನಮ್ಮ ಟೈಲ್ಸ್ ನೆಲಗಳು ಬೆವರುತ್ತವೆ, ಆಗ ಬರಿಗಾಲೂ ಬೇಡ, ಅಭ್ಯಾಸವನ್ನು ಒಣ ಜಾಗಕ್ಕೆ ಒಯ್ಯಿರಿ.

ಎಡಗೈಯವರು ಎದುರಾದಾಗ ಏನು ಮಾಡಬೇಕೆಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ, ಮೇರಿ ಕೋಮ್, ಅಮಿತ್ ಪಂಘಾಲ್ ಇಬ್ಬರೂ ಆ ನಿಲುವಿನವರೇ. ಅವರ ಬಲಪಾದ ಮುಂದಿರುತ್ತದೆ, ನಿಮ್ಮ ಎಡಪಾದ ಮುಂದಿರುತ್ತದೆ, ಆದ್ದರಿಂದ ಎರಡೂ ಎದುರುಬದುರಾಗಿ ಆಗಾಗ ಒಂದನ್ನೊಂದು ತುಳಿಯುತ್ತವೆ. ನಿಮ್ಮ ಎಡಪಾದವನ್ನು ಅವರ ಬಲಪಾದದ ಹೊರಬದಿಗೆ ಇಡಿ. ಆಗ ನಿಮ್ಮ ಬಲ ಮುಷ್ಟಿಗೆ ಅವರ ಗದ್ದದವರೆಗೆ ನೇರ ದಾರಿ ಸಿಗುತ್ತದೆ, ಅವರ ಎಡಗೈ ನಿಮ್ಮನ್ನು ಮುಟ್ಟಲು ತಮ್ಮದೇ ದೇಹವನ್ನು ಸುತ್ತಿ ಬರಬೇಕಾಗುತ್ತದೆ. ಆ ಜಾಗಕ್ಕೆ ಹೋಗಲು ಎಡಪಾದ ಮೊದಲು ಎಡಕ್ಕೆ ಸರಿಯಬೇಕು, ಬಲಪಾದ ತಕ್ಷಣ ಅಷ್ಟೇ ದೂರ ಹಿಂಬಾಲಿಸಬೇಕು, ಅದು ಬಂದು ಸೇರುವವರೆಗೆ ಬಲಗೈಯನ್ನು ಬಿಡಬಾರದು. ಅವರೂ ಅದೇ ಜಾಗಕ್ಕಾಗಿ ಹವಣಿಸುತ್ತಿರುತ್ತಾರೆ, ಹಾಗಾಗಿ ಇಂತಹ ಪಂದ್ಯದ ಹೆಚ್ಚಿನ ಹೊತ್ತು ಕೈಗಳು ಸುಮ್ಮನಿದ್ದು, ಮುಂದಿನ ಎರಡು ಪಾದಗಳೇ ಆ ಒಂದು ಗೇಣು ನೆಲಕ್ಕಾಗಿ ಸೆಣಸುತ್ತಿರುತ್ತವೆ.